ತುಡುಗು ದನಕ್ಕೆ ಕೊಂಡವಾಡ, ವಾಹನಕ್ಕೆ ಓಣಿಯೇ ಕೊಟ್ಟಿಗೆ

ಕಟ್ಟು ಬಿಚ್ಚಿಕೊಂಡು ಪರರ ಹೊಲ ಮೇಯುವ ದನಕ್ಕೆ ಬೆಳಗಾವಿ ಜಿಲ್ಲೆಯ ಉತ್ತರ ಸೀಮೆಯಲ್ಲಿ ‘ತುಡುಗು ದನ’ ಎಂಬ ಹೆಸರಿದೆ. ಅಂಥ ದನವನ್ನು ಹಿಡಿದು ಕೂಡುವ ಜಾಗವೇ ಕೊಂಡವಾಡ. ಮಲೆನಾಡಿನವರ ಬಾಯಲ್ಲಿ ಅದು ದೊಡ್ಡಿ. 1871ರ ಜಾನುವಾರು ಅತಿಕ್ರಮಣ ಕಾಯಿದೆಯು ಬೆಳೆ ತಿಂದ ದನವನ್ನು ಮಾತ್ರವಲ್ಲ, ಸಾರ್ವಜನಿಕ ರಸ್ತೆಯಲ್ಲಿ ಒಡೆಯನಿಲ್ಲದೆ ಅಲೆಯುವ ದನವನ್ನೂ ಹಿಡಿದು ಕೂಡಲು ಅಧಿಕಾರ ಕೊಟ್ಟಿತ್ತು. ದಂಡ ಕಟ್ಟಿ, ಮೇವು ನೀರಿನ ಖರ್ಚು ತೆತ್ತ ಮೇಲೆಯೇ ಒಡೆಯನ ಕೈಗೆ ಹಗ್ಗ ಸಿಗುತ್ತಿತ್ತು.

ಈ ವ್ಯವಸ್ಥೆಯ ಹಿಂದೆ ಸರಳವಾದೊಂದು ನೀತಿಯಿತ್ತು. ಎತ್ತು ತರುವವನು ಮೊದಲು ಗೋದಲಿ ಕಟ್ಟಬೇಕು. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ಕಾಣುವುದು ದನ ಕಟ್ಟುವ ಅಂಕಣ. ಮನುಷ್ಯರಿರುವ ಪಡಸಾಲೆ ಅದಕ್ಕಿಂತ ಒಂದೆರಡು ಮೆಟ್ಟಿಲು ಮೇಲೆ. ಮನೆ ಎಷ್ಟೇ ಚಿಕ್ಕದಿರಲಿ, ತನ್ನ ಎತ್ತಿಗೆ ತನ್ನ ಮಾಡಿನಡಿಯಲ್ಲೇ ಜಾಗ ಮಾಡಿಕೊಡುವುದು ಒಕ್ಕಲಿನ ಮರ್ಯಾದೆ. ಎತ್ತನ್ನು ವರ್ಷವಿಡೀ ಓಣಿಯ ನಡುವೆ ಕಟ್ಟಿ, ದಾರಿಹೋಕರು ಸುತ್ತು ಹಾಕಿ ಹೋಗಲಿ ಎಂದವನನ್ನು ಯಾವ ಊರೂ ಸಹಿಸುತ್ತಿರಲಿಲ್ಲ.

ಇಂದು ಅದೇ ಸೀಮೆಯಲ್ಲಿ ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರ್ ಬಂದಿದೆ, ಚಕ್ಕಡಿಯ ಸ್ಥಾನಕ್ಕೆ ಟ್ರೇಲರ್ ಬಂದಿದೆ, ಮೇಲೆ ಕಾರು, ಟೆಂಪೊ, ಲಾರಿಗಳೂ ಬಂದಿವೆ. ಗೋದಲಿಯ ನೀತಿ ಮಾತ್ರ ಬರಲಿಲ್ಲ. ವಾಹನ ಕೊಳ್ಳಲು ಸಾಲ ಸಿಗುತ್ತದೆ, ನೋಂದಣಿ ಸಂಖ್ಯೆ ಸಿಗುತ್ತದೆ, ವಿಮೆ ಸಿಗುತ್ತದೆ. ‘ರಾತ್ರಿ ಇದನ್ನು ಎಲ್ಲಿ ಇಡುತ್ತೀರಿ?’ ಎಂಬ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳದೆ ಬಿಟ್ಟ ಆ ಪ್ರಶ್ನೆಗೆ ಓಣಿ ತನ್ನ ಮೈಯನ್ನೇ ಉತ್ತರವಾಗಿ ಕೊಡಬೇಕಾಗಿದೆ.

ನಿಲ್ಲಿಸುವುದು ಬೇರೆ, ಇರಿಸುವುದು ಬೇರೆ

ಈ ಐದು ತಾಲ್ಲೂಕುಗಳು ಕಬ್ಬಿನ ಸೀಮೆ. ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರು ಹರಿದಲ್ಲೆಲ್ಲ ಕಬ್ಬು. ಕಬ್ಬು ಬೆಳೆದಲ್ಲೆಲ್ಲ ಸಕ್ಕರೆ ಕಾರ್ಖಾನೆ. ಮಳೆಗಾಲ ಕಳೆದು ನುರಿಸುವ ಹಂಗಾಮು ಆರಂಭವಾದರೆ ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಜೋಡಿಸಿಕೊಂಡು ಹಗಲಿರುಳು ಸಾಗಣೆ. ಬೇಸಿಗೆಯ ಹೊತ್ತಿಗೆ ಹಂಗಾಮು ಮುಗಿಯುತ್ತದೆ. ಆಗ ಈ ಟ್ರೇಲರುಗಳೆಲ್ಲ ಹೋಗುವುದೆಲ್ಲಿಗೆ? ಊರೊಳಗಿನ ಓಣಿಗಳಿಗೆ. ಮುಂದಿನ ದೀಪಾವಳಿಯವರೆಗೆ, ವರ್ಷದ ಅರ್ಧಕ್ಕೂ ಹೆಚ್ಚು ಕಾಲ, ಅವು ಯಾರದೋ ಕಿಟಕಿಯ ಕೆಳಗೆ, ಗಟಾರದ ಮೇಲೆ, ಶಾಲೆಯ ಗೋಡೆಗೆ ಒತ್ತಿಕೊಂಡು ಬಿದ್ದಿರುತ್ತವೆ. ಅವುಗಳ ಜೊತೆಗೆ ವಾರಕ್ಕೊಮ್ಮೆ ಹೊರಡುವ ಕಾರು, ಕೆಟ್ಟು ಕುಳಿತ ಜೀಪು, ಬಾಡಿಗೆಗಾಗಿ ಕಾಯುವ ಜೆಸಿಬಿ.

ಇದನ್ನು ‘ಪಾರ್ಕಿಂಗ್ ಸಮಸ್ಯೆ’ ಎಂದು ಕರೆಯುವುದೇ ಮೊದಲ ತಪ್ಪು. ಸಂತೆಗೆ ಬಂದವನು ಒಂದು ತಾಸು ಗಾಡಿ ನಿಲ್ಲಿಸುವುದು ನಿಲುಗಡೆ. ಆರೇಳು ತಿಂಗಳು ಅಲುಗದೆ ಬಿದ್ದಿರುವುದು ದಾಸ್ತಾನು. ಸಾರ್ವಜನಿಕ ನೆಲದಲ್ಲಿ ಬಾಡಿಗೆಯಿಲ್ಲದೆ ಖಾಸಗಿ ಸ್ವತ್ತನ್ನು ದಾಸ್ತಾನು ಮಾಡುವುದಕ್ಕೆ ಕನ್ನಡದಲ್ಲಿ ಬೇರೆಯೇ ಪದವಿದೆ. ಅದು ಒತ್ತುವರಿ. ಗೋಮಾಳಕ್ಕೆ ಬೇಲಿ ಹಾಕಿದರೆ ಒತ್ತುವರಿ ಎಂದು ಗುರುತಿಸುವ ಕಣ್ಣು, ಓಣಿಗೆ ಟ್ರೇಲರ್ ಅಡ್ಡವಿಟ್ಟಾಗ ಅದನ್ನು ಅನಿವಾರ್ಯತೆ ಎನ್ನುತ್ತದೆ. ಬೇಲಿಗೆ ಗಾಲಿಗಳಿದ್ದರೆ ಅದು ಬೇಲಿಯಲ್ಲವೇ?

ಓಣಿ ಯಾರದು?

ಓಣಿ ವಾಹನಗಳ ದಾರಿಯಾಗುವುದಕ್ಕಿಂತ ಬಹಳ ಮೊದಲೇ ಮನುಷ್ಯರ ಅಂಗಳವಾಗಿತ್ತು. ನಿಪ್ಪಾಣಿಯಲ್ಲಿ ಹೊಸ್ತಿಲ ಬೆಳಕಿನಲ್ಲಿ ಕುಳಿತು ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಓಣಿಯೇ ಕೆಲಸದ ಕೋಣೆ. ಅಥಣಿಯ ಚಪ್ಪಲಿ ಕುಶಲಕರ್ಮಿಗಳ ಕಸುಬು ನಡೆಯುವುದೂ ಮನೆ ಮತ್ತು ಮನೆಯ ಮುಂದಣ ಜಾಗದಲ್ಲೇ. 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಗೆ ಜಂಟಿಯಾಗಿ ದೊರೆತ ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಿಕೆಯಲ್ಲಿ ಈ ಕೈಗಳ ಪಾಲಿದೆ. ಹಪ್ಪಳ ಒಣಗುವುದು, ಮಕ್ಕಳು ಆಡುವುದು, ಮುದುಕರು ಸಂಜೆ ಕಟ್ಟೆಗೆ ಬರುವುದು, ಮದುವೆಯ ಹಂದರ ಏಳುವುದು, ಹೆಣ ಹೊರಡುವುದು ಎಲ್ಲವೂ ಓಣಿಯಲ್ಲೇ. ಇವರಲ್ಲಿ ಬಹುಪಾಲು ಜನರಿಗೆ ನಾಲ್ಕು ಗಾಲಿಯ ವಾಹನವೇ ಇಲ್ಲ. ಇರುವ ಕೆಲವರು ಇಲ್ಲದ ಹಲವರ ಅಂಗಳವನ್ನು ಕಸಿದುಕೊಳ್ಳುತ್ತಿದ್ದಾರೆ ಎಂಬುದೇ ಈ ವಿಷಯದ ತಿರುಳು.

ಅಳತೆ ನೋಡಿದರೆ ಅಪಾಯವೂ ತಿಳಿಯುತ್ತದೆ. ಇಪ್ಪತ್ತು ಅಡಿ ಅಗಲದ ಓಣಿಯನ್ನೇ ತೆಗೆದುಕೊಳ್ಳಿ. ಹಳೆಯ ಊರುಗಳಲ್ಲಿ ಅಷ್ಟು ಅಗಲವೂ ಅಪರೂಪ. ಒಂದು ಬದಿಗೆ ಏಳು ಅಡಿಯ ಟ್ರೇಲರ್, ಎದುರು ಬದಿಗೆ ಆರು ಅಡಿಯ ಕಾರು ನಿಂತರೆ ಉಳಿಯುವುದು ಏಳೇ ಅಡಿ. ಎಂಟು ಅಡಿ ಅಗಲದ ಅಗ್ನಿಶಾಮಕ ವಾಹನ ಓಣಿಯ ಬಾಯಲ್ಲೇ ನಿಲ್ಲಬೇಕು. ಹಿತ್ತಿಲಲ್ಲಿ ಕಣಕಿಯ ಬಣವೆ, ಮೇಲೆ ಕಬ್ಬಿನ ರವದಿಯ ರಾಶಿ ಇರುವ ಊರುಗಳಲ್ಲಿ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. 2005, 2019 ಮತ್ತು 2021ರಲ್ಲಿ ಕೃಷ್ಣೆ ಉಕ್ಕಿ ಬಂದಾಗ ನದಿದಂಡೆಯ ಹಳ್ಳಿಗಳು ರಾತ್ರೋರಾತ್ರಿ ಖಾಲಿಯಾಗಬೇಕಾಯಿತು. ಆಗ ಮಂದಿಯನ್ನೂ ದನಗಳನ್ನೂ ಹೊತ್ತು ನಡೆದದ್ದು ಇದೇ ಟ್ರ್ಯಾಕ್ಟರುಗಳು ಎಂಬುದು ನಿಜ. ಆದರೆ ಒಂದು ಟ್ರ್ಯಾಕ್ಟರು ಹೊರಬರಲು ಓಣಿ ತೆರೆದಿರಬೇಕು ಎಂಬುದೂ ಅಷ್ಟೇ ನಿಜ.

ಇನ್ನೊಂದು ಸಂಗತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟ್ರೇಲರುಗಳು ಓಣಿಯಲ್ಲಿ ಬಿದ್ದಿರುವ ಕಾಲವೂ ಮಳೆಗಾಲವೂ ಒಂದೇ. ತಗ್ಗು ಬಿದ್ದ ತಗಡಿನಲ್ಲಿ, ಬಿಚ್ಚಿಟ್ಟ ಟೈರಿನಲ್ಲಿ ನಿಂತ ಬೊಗಸೆ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಸಾಕು. ಮೊಟ್ಟೆ ಸೊಳ್ಳೆಯಾಗಲು ಬೇಕಾಗುವುದು ಒಂದು ವಾರ, ಹತ್ತು ದಿನ. 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಎಡೆಗೊಡುವ ಮನೆಗಳಿಗೂ ಅಂಗಡಿಗಳಿಗೂ ದಂಡ ಗೊತ್ತುಮಾಡಿತು. ಹೂಕುಂಡದ ತಟ್ಟೆಯನ್ನು ತಪಾಸಣೆ ಮಾಡುವವರು ಅದೇ ಮನೆಯ ಮುಂದಿನ ಟ್ರೇಲರಿನೊಳಗೂ ಒಮ್ಮೆ ಬಗ್ಗಿ ನೋಡಬೇಕು.

ಗುಂಟೆಯ ಲೆಕ್ಕ

ಒಕ್ಕಲುತನದ ಲೆಕ್ಕದಲ್ಲೇ ಹೇಳುವುದಾದರೆ, ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಒಂದು ಕಾರು ನಿಲ್ಲಲು ಬೇಕಾದ ಅಂಕಣ ಹನ್ನೆರಡೂವರೆ ಚದರ ಮೀಟರ್. ಎಂಟು ಕಾರು ನಿಂತರೆ ಒಂದು ಗುಂಟೆ ಹೋಯಿತು. ಬಯಲಿನಲ್ಲಿ ತಿರುಗಿಸಲು, ಹೊರಡಿಸಲು ಬೇಕಾದ ಜಾಗವನ್ನೂ ಸೇರಿಸಿ ನಗರ ಯೋಜಕರು ಕಾರೊಂದಕ್ಕೆ 23 ಚದರ ಮೀಟರ್ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಒಂದು ಎಕರೆಯಲ್ಲಿ ಹಿಡಿಸುವುದು ಸುಮಾರು 175 ಕಾರುಗಳು ಮಾತ್ರ. ಊರೊಳಗೆ ಒಂದು ಗುಂಟೆ ನಿವೇಶನಕ್ಕೆ ಎಷ್ಟು ಬೆಲೆ ಎಂಬುದು ಕೊಂಡವರಿಗೆ ಗೊತ್ತು. ಅಷ್ಟು ಬೆಲೆಯ ನೆಲವನ್ನು ಪುರಸಭೆ ಯಾವ ರಸೀದಿಯೂ ಇಲ್ಲದೆ ದಾನ ಮಾಡುತ್ತಿದೆ. ಅದೂ ವಾಹನ ಉಳ್ಳವರಿಗೆ.

ಇದೇ ಪುರಸಭೆ ಬಡವರ ವಿಷಯದಲ್ಲಿ ಇಷ್ಟು ಧಾರಾಳಿಯಲ್ಲ. ಬೀದಿಬದಿಯಲ್ಲಿ ತಳ್ಳುಗಾಡಿ ಇಟ್ಟು ಬಾಳೆಹಣ್ಣು ಮಾರುವವನು 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಪ್ರಮಾಣಪತ್ರ ಪಡೆಯಬೇಕು, ಶುಲ್ಕ ತೆರಬೇಕು, ಗೊತ್ತುಪಡಿಸಿದ ಜಾಗದಲ್ಲೇ ನಿಲ್ಲಬೇಕು. ಸಂತೆಯಲ್ಲಿ ಗೋಣಿತಟ್ಟು ಹಾಸಿ ಮೆಂತ್ಯೆ ಸೊಪ್ಪು ಮಾರುವ ಮುದುಕಿಯೂ ಕರ ಕಟ್ಟುತ್ತಾಳೆ. ದುಡಿಮೆಗಾಗಿ ನಾಲ್ಕು ಅಡಿ ಬಳಸುವವರಿಗೆ ಶುಲ್ಕ. ದುಡಿಯದೆ ನಿಂತ ವಾಹನಕ್ಕೆ ಹದಿನೈದು ಅಡಿ ಪುಕ್ಕಟೆ. ಇದು ಯಾವ ಊರಿನ ನ್ಯಾಯ?

ಅನ್ಯಾಯದ ಇನ್ನೊಂದು ಮುಖವನ್ನು ನಿಪ್ಪಾಣಿ ಮರೆತಿಲ್ಲ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಡಿ ಬೆಳೆಗಾರರು ಹೆದ್ದಾರಿಯಲ್ಲಿ ಕುಳಿತರು. ದಾರಿ ತಡೆದ ಆ ಚಳವಳಿಯನ್ನು ಏಪ್ರಿಲ್ ತಿಂಗಳಲ್ಲಿ ಪೊಲೀಸು ಬಲದಿಂದ ತೆರವುಗೊಳಿಸಲಾಯಿತು; ಗುಂಡಿಗೆ ರೈತರು ಬಲಿಯಾದರು. ಹೊಟ್ಟೆಗಾಗಿ ರಸ್ತೆಯಲ್ಲಿ ಕುಳಿತ ಮನುಷ್ಯರನ್ನು ಸಹಿಸದ ಆಡಳಿತ, ತಿಂಗಳುಗಟ್ಟಲೆ ರಸ್ತೆಯಲ್ಲಿ ಕುಳಿತ ಕಬ್ಬಿಣವನ್ನು ನೋಡಿ ಕಣ್ಣು ಮುಚ್ಚಿಕೊಳ್ಳುತ್ತದೆ.

ಮಾಲೀಕರ ಮಾತು

ವಾಹನದ ಮಾಲೀಕರಿಗೂ ತಮ್ಮ ವಾದವಿದೆ, ಅದನ್ನು ಕೇಳಿಸಿಕೊಳ್ಳಬೇಕು. ‘ನಮ್ಮ ಮನೀ ಮುಂದ ನಾವ್ ಹಚ್ಚತೀವಿ, ನಿಮಗೇನ್ರೀ?’ ಎಂಬುದು ಮೊದಲನೆಯದು. ಮನೆಯ ಮುಂದಿನ ಜಾಗ ಮನೆಯವರದಲ್ಲ. ಕರ್ನಾಟಕ ಪುರಸಭೆಗಳ ಕಾಯಿದೆ, 1964ರ ಪ್ರಕಾರ ಸಾರ್ವಜನಿಕ ಬೀದಿಗಳು ಪುರಸಭೆಯಲ್ಲಿ ನಿಹಿತವಾದ ಸ್ವತ್ತು, ಅಂದರೆ ಇಡೀ ಊರಿನದು.

‘ರಸ್ತೆ ತೆರಿಗೆ ಕಟ್ಟಿದ್ದೇವೆ’ ಎಂಬುದು ಎರಡನೆಯದು. ಮೋಟಾರು ವಾಹನ ತೆರಿಗೆ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ, ಓಣಿಯನ್ನು ಕಾಯುವ ಪುರಸಭೆಗಲ್ಲ. ಅದು ರಸ್ತೆಯಲ್ಲಿ ಓಡಿಸುವುದಕ್ಕೆ ಕೊಟ್ಟ ಹಣ, ರಸ್ತೆಯನ್ನು ಗೋದಾಮು ಮಾಡಿಕೊಳ್ಳುವುದಕ್ಕೆ ಕೊಟ್ಟದ್ದಲ್ಲ. ಬಸ್ಸಿನ ಟಿಕೆಟ್ ಕೊಂಡವನು ಬಸ್ಸಿನಲ್ಲೇ ಮನೆ ಹೂಡುವುದುಂಟೆ?

ಮೂರನೆಯ ವಾದ ಟ್ರ್ಯಾಕ್ಟರ್ ಮಾಲೀಕರದು, ಅದರಲ್ಲಿ ಹುರುಳಿದೆ. ‘ಹೊಲದಲ್ಲಿ ಬಿಟ್ಟರೆ ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಹೂತುಹೋಗುತ್ತದೆ, ಟೈರು, ಕೊಂಡಿ ಕಳುವಾಗುತ್ತವೆ, ಸಾಲ ಇನ್ನೂ ತೀರಿಲ್ಲ’ ಎನ್ನುತ್ತಾರೆ. ಹಿಂದೆ ಜೋಳ, ಗೋಧಿ, ಕಡಲೆಯ ಸುಗ್ಗಿಗಾಗಿ ಊರ ಸುತ್ತ ಕಣಗಳಿದ್ದವು. ಸುಗ್ಗಿ ಮುಗಿದ ಮೇಲೆ ಚಕ್ಕಡಿಗಳಿಗೆ ಆ ಗಟ್ಟಿ ನೆಲವೇ ನಿಲ್ದಾಣ. ಕಬ್ಬಿಗೆ ಕಣ ಬೇಕಿಲ್ಲ. ಕಬ್ಬು ಹಬ್ಬಿದಂತೆ ಕಣಗಳು ಉಳುಮೆಗೆ ಸೇರಿದವು ಇಲ್ಲವೇ ನಿವೇಶನಗಳಾದವು, ಕಬ್ಬಿನ ಗಾಡಿಗಳು ಓಣಿಗೆ ಬಂದವು. ಕಣವನ್ನು ನುಂಗಿದ ಬೆಳೆಯ ಲಾಭ ಯಾರಿಗೆ ಹೋಗುತ್ತದೋ, ಕಣಕ್ಕೆ ಬದಲು ಜಾಗ ಕೊಡುವ ಹೊಣೆಯೂ ಅವರಿಗೇ ಸೇರಬೇಕು. ರೈತರ ಕಬ್ಬಿನ ಬಿಲ್ಲಿನಿಂದ ಕಟಾವು ಮತ್ತು ಸಾಗಣೆಯ ವೆಚ್ಚವನ್ನು ಆಗಲೇ ಮುರಿದುಕೊಳ್ಳಲಾಗುತ್ತಿದೆ. ಆದ್ದರಿಂದ ಗಾಡಿ ನಿಲ್ಲಿಸುವ ಹೊರೆಯನ್ನು ಮತ್ತೆ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದು ಕಾರ್ಖಾನೆಗಳ ಹೊಣೆ.

ವಿಚಿತ್ರವೆಂದರೆ ಜಾಗ ಈಗಲೇ ಇದೆ. ಹಂಗಾಮಿನಲ್ಲಿ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಲ್ಲುವ ಕಾರ್ಖಾನೆಯ ವಿಶಾಲ ಅಂಗಳ, ಓಣಿಗಳು ಟ್ರೇಲರುಗಳಿಂದ ತುಂಬಿರುವ ತಿಂಗಳುಗಳಲ್ಲೇ ಬರಿದಾಗಿ ಬಿಸಿಲು ಕಾಯುತ್ತಿರುತ್ತದೆ. ಅಲ್ಲಿ ಕಾಂಪೌಂಡಿದೆ, ಕಾವಲುಗಾರನಿದ್ದಾನೆ, ದೀಪವಿದೆ, ಗಟ್ಟಿ ನೆಲವಿದೆ. ಇಲ್ಲದಿರುವುದು ‘ಗಾಡಿಗಳು ಇಲ್ಲೇ ಇರಲಿ’ ಎಂಬ ಒಂದು ಆದೇಶ ಮಾತ್ರ.

ಕಾಯಿದೆ ನಿದ್ರಿಸುತ್ತಿದೆ

ಹೊಸ ಕಾನೂನು ಬರಲಿ ಎಂದು ಕಾಯುವ ಅಗತ್ಯವಿಲ್ಲ. ಮೋಟಾರು ವಾಹನಗಳ ಕಾಯಿದೆ, 1988ರ 117ನೆಯ ಕಲಮಿನ ಪ್ರಕಾರ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರವು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ವಾಹನಗಳು ಎಲ್ಲಿ, ಎಷ್ಟು ಹೊತ್ತು ನಿಲ್ಲಬಹುದೆಂದು ಗೊತ್ತುಪಡಿಸಬಹುದು. 127ನೆಯ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಹತ್ತು ತಾಸು ಅಥವಾ ಅದಕ್ಕೂ ಹೆಚ್ಚು ಕಾಲ ಯಾರೂ ಇಲ್ಲದೆ ಬಿಟ್ಟ ವಾಹನವನ್ನು ಎಳೆದೊಯ್ಯಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಆದೇಶಿಸಬಹುದು, ಖರ್ಚು ಮಾಲೀಕನದು. ಹತ್ತು ತಾಸಿನ ಕಾಯಿದೆ ಇರುವ ನಾಡಿನಲ್ಲಿ ಏಳು ತಿಂಗಳ ದಾಸ್ತಾನು ನಡೆಯುತ್ತಿದೆ. ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮು ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದವರಿಗೆ 5,000 ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ.

‘ಪುರಸಭೆಯಲ್ಲಿ ಸಿಬ್ಬಂದಿಯಿಲ್ಲ, ಹಣವಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರವನ್ನು ಸುಪ್ರೀಂ ಕೋರ್ಟು 1980ರಲ್ಲೇ ರತ್ಲಾಂ ಪುರಸಭೆಯ ಪ್ರಕರಣದಲ್ಲಿ ತಿರಸ್ಕರಿಸಿದೆ. ಗಟಾರ, ಹೇಸಿಗೆಗಳ ನಡುವೆ ಬದುಕುತ್ತಿದ್ದ ಓಣಿಯ ಜನ ಹೂಡಿದ ಆ ದಾವೆಯಲ್ಲಿ, ಸಾರ್ವಜನಿಕ ಉಪದ್ರವವನ್ನು ತೊಡೆಯುವ ಕರ್ತವ್ಯದಿಂದ ಹಣದ ಕೊರತೆಯ ನೆವ ಹೇಳಿ ಪುರಸಭೆ ತಪ್ಪಿಸಿಕೊಳ್ಳಲಾಗದೆಂದು ನ್ಯಾಯಾಲಯ ಸಾರಿತು.

ಬೇರೆಡೆಗಳಲ್ಲಿ ಈ ಪ್ರಶ್ನೆಯನ್ನು ಎಂದೋ ಕೇಳಿದ್ದಾರೆ. ಜಪಾನ್ 1962ರಲ್ಲೇ ಕಾಯಿದೆ ಮಾಡಿ, ಕಾರು ಕೊಳ್ಳುವವನು ತನಗೆ ನಿಲುಗಡೆಯ ಜಾಗವಿದೆಯೆಂದು ತೋರಿಸಬೇಕೆಂದಿತು. ರಸ್ತೆಯಲ್ಲಿ ರಾತ್ರಿ ಎಂಟು ತಾಸಿಗಿಂತ ಹೆಚ್ಚು ಕಾಲ ವಾಹನ ಬಿಡುವುದನ್ನು ನಿಷೇಧಿಸಿತು. ನೆರೆಯ ಮಹಾರಾಷ್ಟ್ರದ ಸಾರಿಗೆ ಸಚಿವ ಪ್ರತಾಪ್ ಸರನಾಯಕ್ ಅವರು 2025ರ ಮೇ ತಿಂಗಳಲ್ಲಿ, ನಿಲುಗಡೆ ಜಾಗದ ಪ್ರಮಾಣಪತ್ರವಿಲ್ಲದೆ ಹೊಸ ಕಾರುಗಳ ನೋಂದಣಿ ಇಲ್ಲವೆಂಬ ನೀತಿಯನ್ನು ಘೋಷಿಸಿದರು. ಕರ್ನಾಟಕ ಸರ್ಕಾರ 2021ರಲ್ಲಿ ಒಪ್ಪಿದ ನಿಲುಗಡೆ ನೀತಿಯಲ್ಲಿ ಮನೆಯ ಮುಂದೆ ಕಾರು ನಿಲ್ಲಿಸಲು ವಾರ್ಷಿಕ ಶುಲ್ಕದ ಪರವಾನಗಿಯ ಮಾತಿದೆ. ಆದರೆ ಅದು ಬೆಂಗಳೂರಿಗೆ ಬರೆದದ್ದು. ಚಿಕ್ಕೋಡಿಯ ಓಣಿಗೆ ಅದರಲ್ಲಿ ಸಾಲಿಲ್ಲ.

ಗಡಿಸೀಮೆಗೆ ನೋಂದಣಿಯ ನಿಯಮವೊಂದೇ ಸಾಲದು ಎಂಬುದನ್ನೂ ಗಮನಿಸಬೇಕು. ಇಲ್ಲಿ ಚಿಕ್ಕೋಡಿಯ ಕೆಎ 23, ಅಥಣಿಯ ಕೆಎ 71 ಫಲಕಗಳ ಜೊತೆಗೆ ಕೊಲ್ಹಾಪುರದ ಎಂಎಚ್ 09, ಸಾಂಗಲಿಯ ಎಂಎಚ್ 10 ಫಲಕಗಳೂ ಓಡಾಡುತ್ತವೆ. ವಾಹನ ಎಲ್ಲಿ ಹುಟ್ಟಿತೆಂದು ನೋಡಿ ಪ್ರಯೋಜನವಿಲ್ಲ, ಎಲ್ಲಿ ಮಲಗುತ್ತದೆಂದು ನೋಡಬೇಕು. ಆದ್ದರಿಂದ ನಿಯಮ ಹುಟ್ಟಬೇಕಾದದ್ದು ಓಣಿಯಲ್ಲಿ, ವಾರ್ಡಿನಲ್ಲಿ, ಗ್ರಾಮಸಭೆಯಲ್ಲಿ.

ಮದ್ದೇ ರೋಗವಾಗದಿರಲಿ

ಇಲ್ಲಿಯೇ ಪರಿಸರದ ಕಾಳಜಿಯುಳ್ಳವರು ಎಚ್ಚರ ವಹಿಸಬೇಕು. ‘ಜಾಗ ಬೇಕು’ ಎಂಬ ಕೂಗೆದ್ದ ಕೂಡಲೇ ಗುತ್ತಿಗೆದಾರರ ಕಣ್ಣು ಬೀಳುವುದು ಗೋಮಾಳದ ಮೇಲೆ, ಹಳೆಯ ಬಾವಿಯ ಮೇಲೆ, ಹಳ್ಳದ ದಂಡೆಯ ಮೇಲೆ, ಊರಬಾಗಿಲ ಆಲದ ಮರದ ಮೇಲೆ. ಮಲೆನಾಡಿನ ಓದುಗರಿಗೆ ಈ ಆಟ ಹೊಸದಲ್ಲ. 1984ರಲ್ಲಿ ಸರ್ಕಾರಿ ನಿಗಮವೂ ಖಾಸಗಿ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿ, ಹಳ್ಳಿಗರ ಸಾಮೂಹಿಕ ಭೂಮಿಗಳನ್ನು ‘ಪಾಳುಭೂಮಿ’ ಎಂದು ಹೆಸರಿಸಿ ನೀಲಗಿರಿಗೆ ಒಪ್ಪಿಸಲು ಹೊರಟಾಗ, 1987ರಲ್ಲಿ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಯಾರದೂ ಅಲ್ಲದ ನೆಲವೆಂಬುದಿಲ್ಲ, ಎಲ್ಲರ ನೆಲವಿದೆ ಎಂಬುದೇ ಆ ಚಳವಳಿಯ ಪಾಠ. 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಹಳ್ಳಿಯ ಕೆರೆ, ಸಾಮೂಹಿಕ ಭೂಮಿಗಳ ಒತ್ತುವರಿ ತೆರವುಗೊಳಿಸುವಂತೆ ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಓಣಿಯ ಒತ್ತುವರಿ ಬಿಡಿಸಲು ಗೋಮಾಳವನ್ನು ಒತ್ತುವರಿ ಮಾಡುವುದು ಎಡಗೈಯ ಕಳವನ್ನು ಬಲಗೈಗೆ ದಾಟಿಸಿದಂತೆ.

ಅಂಗಳಕ್ಕೆಲ್ಲ ಸಿಮೆಂಟು ಬಳಿದು ವಾಹನಕ್ಕೆ ಹಾಸುವುದೂ ಪರಿಹಾರವಲ್ಲ. ಒಂದು ಗುಂಟೆ ನೆಲದ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಅದು 60,000 ಲೀಟರ್ ನೀರು. ಮಣ್ಣಿನ ಅಂಗಳ ಅದರಲ್ಲೊಂದು ಪಾಲನ್ನು ಹೀರಿಕೊಂಡು ಬಾವಿಗೆ, ಬೇವಿನ ಮರಕ್ಕೆ ಕೊಡುತ್ತದೆ. ಸಿಮೆಂಟು ಬಹುಪಾಲನ್ನು ಗಟಾರಕ್ಕೆ ದೂಡುತ್ತದೆ. ಪಶ್ಚಿಮಕ್ಕೆ ನದಿಯ ನೆರೆ, ಪೂರ್ವಕ್ಕೆ ಅಥಣಿ ಸೀಮೆಯ ಬರ ಎರಡನ್ನೂ ಉಣ್ಣುವ ನಾಡಿಗೆ ಇದು ಸಣ್ಣ ಮಾತಲ್ಲ.

ಆಗಬೇಕಾದದ್ದು

ಮೊದಲನೆಯದಾಗಿ, ಹಂಗಾಮು ಮುಗಿದ ಹದಿನೈದು ದಿನಗಳೊಳಗೆ ಕಬ್ಬಿನ ಟ್ರೇಲರುಗಳನ್ನು ಆಯಾ ಕಾರ್ಖಾನೆಯ ಅಂಗಳದಲ್ಲಿ, ಕಾರ್ಖಾನೆಯ ಖರ್ಚು ಮತ್ತು ಕಾವಲಿನಲ್ಲಿ, ಇರಿಸಿಕೊಳ್ಳಬೇಕು. ಸಾಗಣೆಯ ಕರಾರಿನಲ್ಲೇ ಇದನ್ನು ಬರೆಯಬೇಕು. ಜಿಲ್ಲಾಡಳಿತ ಅದನ್ನು ಖಾತರಿಪಡಿಸಬೇಕು. ದೂರದ ಊರುಗಳಿಗೆ ಕೃಷಿ ಮಾರುಕಟ್ಟೆಯ ಪ್ರಾಂಗಣದ ಖಾಲಿ ಜಾಗ ದೊರೆಯಬೇಕು.

ಎರಡನೆಯದಾಗಿ, ಪ್ರತಿ ವಾರ್ಡಿನ ಜನ ಕೂಡಿ ತಮ್ಮ ಓಣಿಗಳನ್ನು ಅಳೆಯಬೇಕು. ಅಗ್ನಿಶಾಮಕ ವಾಹನಕ್ಕೆ ಬೇಕಾದ ಹಾದಿ, ನಡೆಯುವವರ ಹಾದಿ ಬಿಟ್ಟು ಜಾಗ ಉಳಿದರೆ ಮಾತ್ರ, ಶುಲ್ಕದ ಪರವಾನಗಿಯ ಮೇಲೆ ಕಾರುಗಳಿಗೆ ಅವಕಾಶ. ದೊಡ್ಡ ಕಾರಿಗೆ ಹೆಚ್ಚು, ಎರಡನೆಯ ಕಾರಿಗೆ ಇನ್ನೂ ಹೆಚ್ಚು. ಸೈಕಲ್ಲಿಗೆ, ತಳ್ಳುಗಾಡಿಗೆ, ಅಂಗವಿಕಲರ ವಾಹನಕ್ಕೆ ಶುಲ್ಕವಿಲ್ಲ. ಬಂದ ಹಣ ಅದೇ ಓಣಿಯ ಗಟಾರಕ್ಕೆ, ಮರಕ್ಕೆ, ದೀಪಕ್ಕೆ ಸಲ್ಲಬೇಕು.

ಮೂರನೆಯದಾಗಿ, ಕೆಟ್ಟು ಬಿದ್ದ ವಾಹನಗಳಿಗೆ ನೋಟಿಸು ಕೊಟ್ಟು, ತೆರವಾಗದಿದ್ದರೆ 127ನೆಯ ಕಲಮನ್ನು ಬಳಸಬೇಕು. ನಾಲ್ಕನೆಯದಾಗಿ, ಯಾವ ನಿಲುಗಡೆಗಾಗಿಯೂ ಗೋಮಾಳ, ಕೆರೆ, ಬಾವಿ, ಹಳ್ಳದ ದಂಡೆಗಳನ್ನು ಮುಟ್ಟುವುದಿಲ್ಲವೆಂದು ಪುರಸಭೆಗಳೂ ಗ್ರಾಮ ಪಂಚಾಯಿತಿಗಳೂ ಮೊದಲೇ ಠರಾವು ಮಾಡಬೇಕು.

ಇವು ಯಾವುವೂ ಅಸಾಧ್ಯದ ಮಾತಲ್ಲ. ಈ ಸೀಮೆಯ ಅಜ್ಜಂದಿರಿಗೆ ಇವನ್ನು ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಪೇಟೆಯಿಂದ ಹೊಸ ಹೋರಿ ಹಿಡಿದು ಬರುವ ಮೊದಲು ಅವರು ಮನೆಯೊಳಗೆ ಕಲ್ಲು ಹೊಂದಿಸಿ ಗೋದಲಿ ಕಟ್ಟುತ್ತಿದ್ದರು. ಮೊಮ್ಮಕ್ಕಳು ಶೋರೂಮಿನಿಂದ ಬೀಗದ ಕೈ ಹಿಡಿದು ಬರುವ ಮೊದಲು ಅಷ್ಟನ್ನೇ ಮಾಡಲಿ. ಮಾಡಲಾಗದವರಿಗೆ ಓಣಿಯ ಹಂಗಿಲ್ಲದ ಬಸ್ಸು ಇದೆ. ಅದು ಸರಿಯಾಗಿ ಬರುವಂತೆ ಎಲ್ಲರೂ ಕೂಡಿ ಕೇಳೋಣವಾಗಲಿ. ಓಣಿಯಂತೂ ಯಾರ ಕೊಟ್ಟಿಗೆಯೂ ಅಲ್ಲ.